ಮೂಕ ಕಂಬ, ಕರಿ ಅಂಚು

ಒಂದು ಚೌಕಕ್ಕೆ ನೂರಿಪ್ಪತ್ತು ಕಂಬ. ಪುಣೆಯ ಕೋಥ್ರೂಡಿನಲ್ಲಿ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿರುವ ಆಯಿ ನನಗೆ ಕಲಿಸಿದ ಮೊದಲ ಲೆಕ್ಕ ಇದು. ಸೊಲ್ಲಾಪುರದ ಕಡೆಯವರು. ಎಣಿಸುವುದು ಕನ್ನಡದಲ್ಲಿ, ಹೆಣಿಗೆಯ ಮಾತೆಲ್ಲ ಮರಾಠಿಯಲ್ಲಿ. ಅವರಿಗೆ ಉಣ್ಣೆ ಅಂದರೆ ಲೋಕರ್. ಕೊಕ್ಕೆಕಡ್ಡಿಯಿಂದ ಕುಣಿಕೆಯೊಳಗೆ ಕುಣಿಕೆ ಎಳೆಯುತ್ತ ಹೋದರೆ ಸಾಖಳಿ, ನಮ್ಮ ಸರಪಳಿ. ಕಡ್ಡಿಗೆ ಒಂದು ಸುತ್ತು ದಾರ ಹಾಕಿಕೊಂಡು ಎತ್ತರಕ್ಕೆ ನಿಲ್ಲಿಸಿದರೆ ಖಾಂಬ್, ಕಂಬ. ಸುತ್ತು ಹಾಕದೆ ಗಿಡ್ಡಕ್ಕೆ ಮುಗಿಸಿದರೆ ಮುಕಾ ಖಾಂಬ್, ಅಂದರೆ ಮೂಕ ಕಂಬ! ಅಮೆರಿಕದ ಪುಸ್ತಕ ಒಂದು ಹೆಸರು ಕೊಟ್ಟ ಹೊಲಿಗೆಗೇ ಬ್ರಿಟನ್ನಿನ ಪುಸ್ತಕ ಇನ್ನೊಂದು ಹೆಸರು ಕೊಟ್ಟು ಕಲಿಯುವವರನ್ನು ಗೋಳು ಹೊಯ್ದುಕೊಳ್ಳುತ್ತದೆ. ಮರಾಠಿ ಹೆಂಗಸರು ಇಟ್ಟ ಹೆಸರಿನಲ್ಲಿ ಆ ಗೊಂದಲವಿಲ್ಲ. ಕಣ್ಣಿಗೆ ಕಂಡದ್ದೇ ಹೆಸರು.

ಗ್ರ್ಯಾನಿ ಸ್ಕ್ವೇರ್ ಎಂದು ಜಗತ್ತೆಲ್ಲ ಕರೆಯುವ ಈ ಚೌಕದ ರಚನೆ ಸರಳ. ನಾಲ್ಕು ಸರಪಳಿ ಹಾಕಿ, ತುದಿ ಕೂಡಿಸಿ ಬಳೆ ಮಾಡಿಕೊಳ್ಳಬೇಕು. ಬಳೆಯೊಳಗೆ ಮೂರು ಕಂಬ, ಎರಡು ಸರಪಳಿ, ಮತ್ತೆ ಮೂರು ಕಂಬ. ಹೀಗೆ ನಾಲ್ಕು ಗೊಂಚಲು ಬಂದರೆ ಮೊದಲ ಸುತ್ತು ಮುಗಿಯಿತು. ಸರಪಳಿ ಬಿಟ್ಟ ಸಂದಿಗಳೇ ನಾಲ್ಕು ಮೂಲೆ. ಮುಂದಿನ ಸುತ್ತಿಗೆ ಬೇರೆ ಬಣ್ಣ. ಪ್ರತಿ ಮೂಲೆಯಲ್ಲಿ ಎರಡು ಗೊಂಚಲು, ಬದಿಯ ಪ್ರತಿ ಸಂದಿಯಲ್ಲಿ ಒಂದು. ಗೊಂಚಲುಗಳು ನಾಲ್ಕು, ಎಂಟು, ಹನ್ನೆರಡು, ಹದಿನಾರು ಎಂದು ಏರುತ್ತವೆ. ನಾಲ್ಕು ಸುತ್ತಿಗೆ ನಲವತ್ತು ಗೊಂಚಲು, ನೂರಿಪ್ಪತ್ತು ಕಂಬ. 4 ಮಿಲಿಮೀಟರಿನ ಕಡ್ಡಿಯಲ್ಲಿ ಹಾಕಿದರೆ ಸುಮಾರು ಅಂಗೈಯಗಲದ ಚೌಕ, 10 ಸೆಂಟಿಮೀಟರು. ಒಬ್ಬರು ಹೊದೆಯುವ ಚಾದರಕ್ಕೆ ಅಡ್ಡ 15, ಉದ್ದ 21, ಒಟ್ಟು 315 ಚೌಕ ಬೇಕು. 37,800 ಕಂಬ.

ಇಷ್ಟು ಕೇಳಿಯೇ ನಾನು ಕಡ್ಡಿ ಕೆಳಗಿಟ್ಟಿದ್ದೆ. ಆಯಿ ನಕ್ಕರು. "ಚಾದರ ಮಾಡಾಕ ಕೂತೀನಿ ಅನ್ಕೋಬ್ಯಾಡವಾ. ಒಂದ ಚೌಕ ಮಾಡಾಕ ಕೂಡು."

ಈ ಕಸುಬು ಉಳಿದು ಬಂದದ್ದು ಈ ಮಾತಿನಲ್ಲಿರುವ ಗುಟ್ಟಿನಿಂದಲೇ ಎಂದು ನನಗೆ ಅನ್ನಿಸುತ್ತದೆ. ಮಗ್ಗಕ್ಕೆ ಜಾಗ ಬೇಕು. ಕೌದಿಗೆ ನೆಲ ಬೇಕು. ಸ್ವೆಟರು ಅರ್ಧಕ್ಕೆ ನಿಂತರೆ ಲೆಕ್ಕ ತಪ್ಪುತ್ತದೆ. ಚೌಕಕ್ಕೆ ಬೇಕಾದದ್ದು ಒಂದು ಕಡ್ಡಿ, ಒಂದು ಉಂಡೆ ಮತ್ತು ಮನೆಗೆಲಸದ ನಡುವೆ ಸಿಕ್ಕ ಇಪ್ಪತ್ತು ನಿಮಿಷ. ಕುಕ್ಕರು ಸೀಟಿ ಹಾಕಿದರೆ ಎದ್ದು ಹೋಗಬಹುದು. ಬಂದು ನೋಡಿದರೆ ಕುಣಿಕೆ ಇದ್ದಲ್ಲೇ ಇರುತ್ತದೆ. ಡಾಕ್ಟರ ಬಾಗಿಲಲ್ಲಿ ಕಾಯುವಾಗ ಒಂದು, ಸ್ವಾರ್‌ಗೇಟಿಗೆ ಹೋಗುವ ಬಸ್ಸಿನಲ್ಲಿ ಅರ್ಧ. ಹೆಂಗಸರ ಚೂರುಚೂರಾದ ಹೊತ್ತಿನ ಅಳತೆಗೇ ಕತ್ತರಿಸಿದಂಥ ಕಲೆ.

ಯಾವ ಅಜ್ಜಿ ಇದನ್ನು ಮೊದಲು ಹೆಣೆದಳೋ. ಅಚ್ಚಿನಲ್ಲಿ ಸಿಗುವ ಹಳೆಯ ಮಾದರಿಗಳಲ್ಲೊಂದು 1885ರಲ್ಲಿ ಅಮೆರಿಕದ 'ಪ್ರೇರೀ ಫಾರ್ಮರ್' ಎಂಬ ರೈತರ ಪತ್ರಿಕೆಯಲ್ಲಿ ಬಂತು. ಉಳಿದ ದಾರದ ತುಂಡನ್ನು ಬಿಸಾಡದವರ ಮನೆಯಿಂದ ಬಂದ ವಿನ್ಯಾಸ. ಕೊಕ್ಕೆಕಡ್ಡಿಯ ಈ ಹೆಣಿಗೆ, ಅಂದರೆ ಕ್ರೋಶಾ, ಮಾತ್ರ ನಮ್ಮ ದೇಶಕ್ಕೆ ಅದಕ್ಕೂ ಮುಂಚೆ, ಮಿಷನರಿಗಳ ಜೊತೆ ಬಂದಿತ್ತು. ಗೋದಾವರಿ ತೀರದ ನರಸಾಪುರದ ಕಡೆ ಇಂದಿಗೂ ಸಾವಿರಾರು ಹೆಂಗಸರು ಕ್ರೋಶಾ ಲೇಸು ಹೆಣೆಯುತ್ತಾರೆ. ಪುಣೆಯಲ್ಲಿ ಅದು ಹುಡುಗಿಯರ ಶಾಲೆಯ ಶಿವಣಕಾಮ, ವಿಣಕಾಮದ, ಅಂದರೆ ಹೊಲಿಗೆ, ಹೆಣಿಗೆಯ ತರಗತಿಯಿಂದ ಮನೆಗೆ ಹೊಕ್ಕಿತು. ಬಾಗಿಲ ತೋರಣವಾಯಿತು, ಟೀವಿಯ ಮೇಲಿನ ಹೊದಿಕೆಯಾಯಿತು, ಕೂಸಿನ ಕುಂಚಿಯಾಯಿತು. ಮದುವೆ ಮಂಟಪದಲ್ಲಿ ಹೆಣ್ಣಿನ ಕಡೆಯವರು ಮೇಜಿನ ಮೇಲೆ ಹರಡುವ 'ರುಖವತ್' ಇದೆಯಲ್ಲ, ಹುಡುಗಿಯ ಕೈಕೆಲಸದ ಪ್ರದರ್ಶನ, ಅಲ್ಲಿ ಕ್ರೋಶಾದ ರುಮಾಲು ಇಲ್ಲದಿದ್ದರೆ ಹಿರಿಯರ ಹುಬ್ಬು ಏರುತ್ತಿದ್ದ ಕಾಲವಿತ್ತು.

ಪುಣೆಯವರ ಹಳೆಯ ಹೊದಿಕೆ ಕ್ರೋಶಾದ್ದಲ್ಲ, ಗೋಧಡಿ. ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಹೊಲಿದದ್ದು, ನಮ್ಮ ಕೌದಿಯ ಒಡಹುಟ್ಟು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿ, ಅವರ ಮಾತಿನ ಕವಂದಿ, ಅಂಚಿನಿಂದ ಶುರುವಾಗುತ್ತದೆ. ತುಂಡು ಕೂಡಿಸುತ್ತ, ಸುತ್ತುತ್ತ, ನಡುವಿಗೆ ಬಂದು ಮುಗಿಯುತ್ತದೆ. ಮೂಲೆಗೆ 'ಫುಲಾ', ಅಂದರೆ ಹೂವು ಕೂರಿಸಿದರೇ ಅದಕ್ಕೆ ಕಳೆ. ಕ್ರೋಶಾ ಚೌಕ ಇದಕ್ಕೆ ಪೂರಾ ಉಲ್ಟಾ. ನಡುವೆ ಹುಟ್ಟಿ ಹೊರಗೆ ಬೆಳೆಯುತ್ತದೆ. ಕವಂದಿಗೆ ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತು. ಚೌಕಕ್ಕೆ ಗೊತ್ತಿಲ್ಲ, ದಾರ ಇರುವತನಕ ಹಿಗ್ಗುತ್ತಲೇ ಹೋಗಬಹುದು. 2016ರ ಜನವರಿ 31ರಂದು ಚೆನ್ನೈಯಲ್ಲಿ 'ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್' ಬಳಗದವರು ತಮ್ಮ ತಮ್ಮ ಮನೆಗಳಲ್ಲಿ ಹೆಣೆದ ಚೌಕಗಳನ್ನು ಕೂಡಿಸಿ 11,148.5 ಚದರ ಮೀಟರಿನ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿದರು. ಎರಡೂಮುಕ್ಕಾಲು ಎಕರೆ ಕ್ರೋಶಾ!

ದಾಖಲೆಯ ಸುದ್ದಿಯಲ್ಲಿ ಬಾರದ ಕೆಲಸ ಒಂದಿದೆ, ಬಾಲ ಮುಚ್ಚುವುದು. ಬಣ್ಣ ಬದಲಿಸಿದಾಗಲೆಲ್ಲ ದಾರದ ಎರಡು ತುದಿ ಉಳಿಯುತ್ತವೆ. ನಾಲ್ಕು ಬಣ್ಣಕ್ಕೆ ಎಂಟು, 315 ಚೌಕಕ್ಕೆ 2,520 ಬಾಲ. ಪ್ರತಿಯೊಂದನ್ನೂ ದಪ್ಪ ಸೂಜಿಗೆ ಪೋಣಿಸಿ ಕಂಬಗಳ ಸಂದಿಯಲ್ಲಿ ಹಿಂದೆಮುಂದೆ ಓಡಿಸಿ ಅಡಗಿಸಬೇಕು. ಬರೇ ಗಂಟು ಹಾಕಿ ಕತ್ತರಿಸಿದರೆ ಮೂರನೇ ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ, ನನ್ನದೇ ಅನುಭವ. ಎಷ್ಟೋ ಮನೆಗಳ ಅಟ್ಟದಲ್ಲಿ ಚೀಲ ತುಂಬ ಚೌಕಗಳು ಚಾದರವಾಗದೆ ಕೂತಿರುವುದು ಈ ಬಾಲಗಳಿಂದ. ಚೌಕ ಹಾಕುವುದು ಹಬ್ಬ, ಬಾಲ ಮುಚ್ಚುವುದು ಹಬ್ಬದ ಮರುದಿನದ ಪಾತ್ರೆ.

ಯಂತ್ರ ಇದನ್ನೆಲ್ಲ ಮಾಡಲಾರದೇ ಎಂದರೆ, ಸ್ವೆಟರಿನ ಹೆಣಿಗೆಗೆ ಯಂತ್ರವಿದೆ, ನಿಜವಾದ ಕ್ರೋಶಾಕ್ಕೆ ಇಲ್ಲ. ಮಾಲ್‌ನಲ್ಲಿ ಅಗ್ಗಕ್ಕೆ ತೂಗುಹಾಕಿದ ಕ್ರೋಶಾ ಚೌಕದ ಚೀಲವೂ ಯಾವಳೋ ಒಬ್ಬಳ ಬೆರಳಿನಿಂದಲೇ ಬಂದದ್ದು. ನರಸಾಪುರದ ಲೇಸು ಹೆಂಗಸರ ಬಗ್ಗೆ 1982ರಲ್ಲಿ ಪುಸ್ತಕ ಬರೆದ ಮಾರಿಯಾ ಮೀಸ್ ತೋರಿಸಿದ್ದೂ ಇದನ್ನೇ: ಲೇಸು ಹೊರದೇಶಕ್ಕೆ ಹೋಗುತ್ತಿತ್ತು, ಹೆಣೆದವಳು ಮಾತ್ರ 'ಮನೆಯಲ್ಲಿ ಸುಮ್ಮನೆ ಕೂತ ಗೃಹಿಣಿ'. ಬಾಲ, ಜೋಡಣೆ ಸೇರಿ ಚೌಕಕ್ಕೆ ಅರ್ಧ ಗಂಟೆ ಹಿಡಿದರೂ ಒಂದು ಚಾದರಕ್ಕೆ 157 ಗಂಟೆ ದಾಟುತ್ತದೆ. ಆ ಗಂಟೆಗಳಿಗೆ ಕೂಲಿ ಕಟ್ಟಿ ಬೆಲೆ ಹೇಳಿ ನೋಡಿ, ಕೇಳಿದವರು ಮೆಟ್ಟಿಲಿಳಿದಿರುತ್ತಾರೆ. ಆಯಿ ಮಾರುವುದಿಲ್ಲ.

ಈಗ ಅವರ ಕೈಯಲ್ಲಿರುವುದು ಮೊಮ್ಮಗನ ಮಗುವಿಗೆ. ತುಳಶೀಬಾಗಿನ ಪೇಟೆಯಿಂದ ತಂದ ಕೆಂಪು ದಾರ ನಡುವೆಯೇ ಮುಗಿದುಹೋಯಿತು. ಮತ್ತೆ ತಂದದ್ದು ಬೇರೆ ಪಾಕದ ಬಣ್ಣ, ಒಂದು ಛಾಯೆ ಮಂಕು. ನನಗಾಗಿದ್ದರೆ ತಲೆಬಿಸಿ. ಆಯಿ ಎಲ್ಲ ಚೌಕಕ್ಕೂ ಕೊನೆಯ ಸುತ್ತು ಕಪ್ಪಿನಲ್ಲಿ ಹಾಕತೊಡಗಿದರು. ಕರಿ ಅಂಚು ಬಂದದ್ದೇ ತಡ, ಎರಡು ಕೆಂಪೂ ಬೇಕೆಂದೇ ಆರಿಸಿಟ್ಟಂತೆ ಕೂತವು. ಕೂಸಿನ ಹೊದಿಕೆಗೆ ಕಪ್ಪೇ ಎಂದು ಮೊಮ್ಮಗನ ಹೆಂಡತಿ ಮುಖ ಸಣ್ಣ ಮಾಡಿದಳು.

"ಸಂಕ್ರಾಂತಿಗೆ ಕೂಸಿಗೆ ಕರಿ ಅಂಗೀ ಹಾಕಿ ಬೋರನ್ಹಾಣ ಮಾಡ್ತೀರಿಲ್ಲೋ? ಆವತ್ತ ನಡದದ್ದು ಚಾದರಿಗ್ಯಾಕ ನಡಿಯೂದಿಲ್ಲ?" ಎಂದರು ಆಯಿ. ಕಡ್ಡಿ ನಿಲ್ಲಲಿಲ್ಲ. ನನ್ನ ಕಡೆಗೆ ಹನ್ನೊಂದು ಚೌಕ ಮತ್ತು ಸೂಜಿ ನೂಕಿದರು, ಬಾಲ ಮುಚ್ಚಲು.