ಮೂರು ಗಂಟೆಯ ಪರೀಕ್ಷೆ, ನಾಲ್ಕನೇ ಗಂಟೆಯ ಹಕ್ಕು

2021ರ ಸೆಪ್ಟೆಂಬರ್ 12ರಂದು ನಡೆದ ನೀಟ್ ಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿನಿಗೆ ನಾಲ್ಕು ಗಂಟೆ ಸಿಗಬೇಕಿತ್ತು. ಆಕೆಗೆ ಡಿಸ್‌ಗ್ರಾಫಿಯಾ ಇತ್ತು. ಓದಿದ್ದು ತಲೆಯಲ್ಲಿ ಭದ್ರವಾಗಿದ್ದರೂ ಕಾಗದದ ಮೇಲೆ ಇಳಿಸಲು ಕೈ ಒದಗದ ಸ್ಥಿತಿ ಅದು. ಶೇ 40ರಷ್ಟು ಅಂಗವೈಕಲ್ಯವಿದೆ ಎಂಬ ಪ್ರಮಾಣಪತ್ರ ಆಕೆಯ ಬಳಿ ಇತ್ತು. ಇಂಥವರಿಗೆ ಒಂದು ಗಂಟೆ ಹೆಚ್ಚು ಕೊಡಬೇಕೆಂದು ಪರೀಕ್ಷೆಯ ನಿಯಮವೂ ಹೇಳುತ್ತಿತ್ತು. ಆದರೂ ಮೂರು ಗಂಟೆ ಮುಗಿದದ್ದೇ ತಡ, ಕೇಂದ್ರದ ಸಿಬ್ಬಂದಿ ಎಲ್ಲರ ಉತ್ತರ ಪತ್ರಿಕೆಯ ಜೊತೆ ಆಕೆಯದನ್ನೂ ತೆಗೆದುಕೊಂಡುಬಿಟ್ಟರು.

ಬಾಂಬೆ ಹೈಕೋರ್ಟ್‌ನಲ್ಲಿ ಪರಿಹಾರ ಸಿಗದೆ ಆಕೆ ಸುಪ್ರೀಂ ಕೋರ್ಟ್‌ಗೆ ಹೋದಳು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಹಾಗೂ ನಮ್ಮ ಕೊಡಗಿನವರಾದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರ ಪೀಠ ನವೆಂಬರ್ 23ರಂದು ತೀರ್ಪು ಕೊಟ್ಟಿತು. ಆಕೆಯ ಪಾಲಿನ ಒಂದು ಗಂಟೆಯನ್ನು ಕಸಿದದ್ದು ತಪ್ಪು, ಆ ಅನ್ಯಾಯವನ್ನು ಸರಿಪಡಿಸಲು ಏನು ಮಾಡಬಹುದೆಂದು ಒಂದು ವಾರದೊಳಗೆ ಯೋಚಿಸಿ ಎಂದು ಪರೀಕ್ಷಾ ಸಂಸ್ಥೆಗೆ ಸೂಚಿಸಿತು. ಕೇಂದ್ರಗಳ ಸಿಬ್ಬಂದಿಗೆ ನಿಯಮಗಳ ಬಗ್ಗೆ ತರಬೇತಿ ಕೊಡಿ ಎಂದೂ ಹೇಳಿತು. ಆದರೆ ಮರುಪರೀಕ್ಷೆಗೆ ಒಪ್ಪಲಿಲ್ಲ. ಲಕ್ಷಾಂತರ ಮಂದಿ ಬರೆದ ಪರೀಕ್ಷೆಯನ್ನು ಒಬ್ಬರಿಗಾಗಿ ಮತ್ತೆ ನಡೆಸುವುದು ಆಗದ ಮಾತು. ಹೀಗೆ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಗೆದ್ದ ಹುಡುಗಿಗೂ ಕಳೆದುಹೋದ ಆ ಗಂಟೆ ಮರಳಲಿಲ್ಲ. ಪರೀಕ್ಷೆಯ ಹಕ್ಕು ಪರೀಕ್ಷೆಗೆ ಮುಂಚೆಯೇ ಕಾಗದದ ಮೇಲೆ ಖಚಿತವಾಗಬೇಕು, ಆ ದಿನ ಬೆಳಿಗ್ಗೆ ಕೊಠಡಿಯ ಬಾಗಿಲಲ್ಲಿ ಮಗು ಅಂಗಲಾಚುವಂತಾಗಬಾರದು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಕಾನೂನೇನೂ ದುರ್ಬಲವಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆ ಗುರುತಿಸಿದ್ದು ಏಳು ಬಗೆಯ ಅಂಗವೈಕಲ್ಯಗಳನ್ನು. ಹೊಸತು 21 ಬಗೆಗಳನ್ನು ಗುರುತಿಸಿತು. ಆಟಿಸಂ, ಡಿಸ್‌ಲೆಕ್ಸಿಯಾದಂಥ ಕಲಿಕಾ ತೊಂದರೆಗಳು ಒಳಗೆ ಬಂದದ್ದು ಆಗಲೇ. ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲವೂ ಅದರ 17ನೇ ಸೆಕ್ಷನ್ನಿನಲ್ಲೇ ಇವೆ. ಕಲಿಕಾ ತೊಂದರೆಯನ್ನು ಆದಷ್ಟು ಬೇಗ ಗುರುತಿಸುವುದು ಶಿಕ್ಷಣ ಸಂಸ್ಥೆಗಳ ಹೊಣೆಯೆಂದು 16ನೇ ಸೆಕ್ಷನ್ ಹೇಳುತ್ತದೆ. ಆರನೇ ತರಗತಿಯಲ್ಲೂ ಒತ್ತಕ್ಷರ ತಪ್ಪಿಸುವ ಮಗುವನ್ನು ‘ಸೋಮಾರಿ, ಗಮನವಿಲ್ಲ’ ಎಂದು ಬೆಂಚಿನ ಮೇಲೆ ನಿಲ್ಲಿಸುವ ಶಾಲೆ ಆ ಹೊಣೆಯನ್ನು ಕೈಬಿಟ್ಟಿದೆ.

ಭಾಷಾ ವಿನಾಯಿತಿಯ ಬಗ್ಗೆ ಇಲ್ಲೇ ಒಂದು ಮಾತು. ಅದು ಮಗುವಿನ ಅನುಕೂಲಕ್ಕೆ ಇರುವುದು, ಶಾಲೆಯ ಫಲಿತಾಂಶ ಏರಿಸುವುದಕ್ಕಲ್ಲ. ಕನ್ನಡ ಪದ್ಯವನ್ನು ಕೇಳಿಯೇ ಬಾಯಿಪಾಠ ಮಾಡಿ ಸಂತೋಷಪಡುವ ಮಗುವಿಗೆ ‘ನಿನಗೆ ಇದು ಬೇಡ’ ಎಂದು ಹೇಳಲು ಯಾರಿಗೂ ಅಧಿಕಾರವಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಶೇ 40ರ ಗೆರೆ. ಉನ್ನತ ಶಿಕ್ಷಣದಲ್ಲಿ ಶೇ 5ರ ಮೀಸಲಾತಿ, 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣ, ಇಂಥವಕ್ಕೆ ಕಾಯ್ದೆಯೇ ಆ ಗೆರೆಯನ್ನು ಎಳೆದಿದೆ. ಆದರೆ ಗೆರೆ ಅಲ್ಲಿಗೇ ನಿಲ್ಲದೆ ಕಚೇರಿಗಳವರ ಮನಸ್ಸಿನಲ್ಲಿ ಎಲ್ಲ ಸೌಲಭ್ಯಕ್ಕೂ ಹಬ್ಬಿಬಿಟ್ಟಿತು. ಇದನ್ನು ಪ್ರಶ್ನಿಸಿದ್ದು ವಿಕಾಸ್ ಕುಮಾರ್ ಪ್ರಕರಣ. ಬರೆಯಲು ಹೊರಟರೆ ಕೈ ಸೆಟೆದುಕೊಳ್ಳುವ ನರಸಂಬಂಧಿ ತೊಂದರೆ ಅವರಿಗಿತ್ತು. ವೈದ್ಯರು ಅದನ್ನು ಅಳೆದು ಶೇ 6 ಎಂದರು. ನಾಗರಿಕ ಸೇವಾ ಪರೀಕ್ಷೆಗೆ ಬರೆದುಕೊಡುವ ಸಹಾಯಕ ಬೇಕೆಂದು ಕೇಳಿದಾಗ, ಶೇ 40 ಇಲ್ಲವೆಂದು ಯುಪಿಎಸ್‌ಸಿ ನಿರಾಕರಿಸಿತು. 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಮೀಸಲಾತಿಗೆ ಬೇಕಾದ ಅಳತೆ ಬೇರೆ, ಅವರವರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಬೇರೆ. ಎರಡನೆಯದಕ್ಕೆ ಶೇಕಡಾವಾರು ಮಿತಿ ಹಾಕುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶೇ 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟವಿರುವವರಿಗೂ ಮಾರ್ಗಸೂಚಿ ಹೊರಡಿಸಿತು.

ಹೆಬ್ಬೆರಳು ಸರಿಯಿಲ್ಲದ ಹುಡುಗನ ಅಂಗವೈಕಲ್ಯ ಶೇ 6 ಇರಬಹುದು, ಆದರೆ ಗಣಿತದ ಪರೀಕ್ಷೆಯ ಮೂರು ಗಂಟೆ ಅವನ ಪಾಲಿಗೆ ಪೂರ್ತಿ ಕಷ್ಟವೇ. ವೈದ್ಯಕೀಯ ಸೀಟುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಇದೇ ದಾರಿ ಹಿಡಿಯಿತು: ಅಂಕಿಯೊಂದನ್ನೇ ನೋಡಿ ಅಭ್ಯರ್ಥಿಯನ್ನು ಅನರ್ಹಗೊಳಿಸಬೇಡಿ, ಆತ ಓದನ್ನು ಪೂರೈಸಬಲ್ಲನೇ ಎಂದು ಪರೀಕ್ಷಿಸಿ ಹೇಳಿ ಎಂದಿತು.

ಇಷ್ಟೆಲ್ಲ ಇದ್ದರೂ ಊರಿನ ತಾಯಿಗೆ ಇವು ಮುಟ್ಟುವುದು ಯಾರ ಮೂಲಕ? ನಮ್ಮಲ್ಲಿ ತಾಲ್ಲೂಕು ಮಟ್ಟದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ, ಬಿಐಇಆರ್‌ಟಿ ಎಂದು ಎಲ್ಲರೂ ಕರೆಯುವವರು. ಶಾಲೆಗಳನ್ನು ಸುತ್ತಿ, ಬರಲಾಗದ ಮಕ್ಕಳ ಮನೆಗೇ ಹೋಗಿ ಪಾಠ ಹೇಳುವ ಇವರ ಕೆಲಸಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಪ್ರಾಥಮಿಕ ಹಂತದಲ್ಲಿ ಅಂಗವೈಕಲ್ಯವಿರುವ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು 2021ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಶಾಲೆಗಳಲ್ಲಿ ಆ ಶಿಕ್ಷಕರು ಬಂದು ಕೂರುವವರೆಗೆ ಉಳಿದದ್ದೆಲ್ಲ ಪೋಷಕರ ಹೆಗಲ ಮೇಲೆಯೇ ಬೀಳುತ್ತದೆ.

ಆದ್ದರಿಂದ ಪೋಷಕರೇ, ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಮುಖ್ಯ ಶಿಕ್ಷಕರಿಗೆ ಅರ್ಜಿ ಬರೆದುಬಿಡಿ, ಮಾರ್ಚ್‌ವರೆಗೆ ಕಾಯಬೇಡಿ. ಪ್ರಮಾಣಪತ್ರ ಇದ್ದರೆ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಚೀಟಿ ಇದ್ದರೆ ಪ್ರತಿ ಲಗತ್ತಿಸಿ. ‘ಸಹಾಯ ಮಾಡಿ’ ಎಂದಷ್ಟೇ ಬರೆದರೆ ಸಾಲದು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ, ನೆಲಮಹಡಿಯ ಕೊಠಡಿ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಹೀಗೆ ಬೇಕಾದ್ದನ್ನು ಹೆಸರಿಸಿ ಕೇಳಿ. ಬರೆದುಕೊಡುವವರು ಬೇಕಿದ್ದರೆ ಮಗುವೂ ಅವರೂ ಕಿರುಪರೀಕ್ಷೆಗಳಿಂದಲೇ ಜೊತೆಗೆ ಅಭ್ಯಾಸ ಮಾಡಲಿ. ಉತ್ತರ ಹೇಳಿ ಬರೆಸುವುದು ಬೇರೆಯದೇ ವಿದ್ಯೆ, ಒಂದೇ ದಿನದಲ್ಲಿ ಬರುವಂಥದ್ದಲ್ಲ.

ಶಾಲೆ ಕಿವಿಗೊಡದಿದ್ದರೆ ಜಿಲ್ಲಾ ಶಿಕ್ಷಣ ಕಚೇರಿಗೆ ಹೋಗಿ. ಅಂಗವೈಕಲ್ಯವಿರುವ ಮಕ್ಕಳ ಪ್ರವೇಶ ಮತ್ತು ಸೌಲಭ್ಯಗಳಿಗೆಂದೇ ಅಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು 2017ರ ನಿಯಮಗಳು ಹೇಳುತ್ತವೆ. ಅಲ್ಲೂ ಆಗದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿದ್ದಾರೆ. ಅಧಿಕಾರಿಗಳಿಗೆ ಸಮನ್ಸ್ ಕಳಿಸಿ ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರವನ್ನು ಕಾಯ್ದೆ ಆಯುಕ್ತರಿಗೆ ಕೊಟ್ಟಿದೆ. ಪ್ರತಿ ಮೇಜಿನಲ್ಲೂ ಅರ್ಜಿಗೆ ಸ್ವೀಕೃತಿ ಪಡೆಯಿರಿ. ‘ಆಗುವುದಿಲ್ಲ’ ಎಂದು ಬಾಯಲ್ಲಿ ಹೇಳಿ ಕಳಿಸಿದರೆ, ಯಾವ ನಿಯಮದ ಪ್ರಕಾರ ಆಗುವುದಿಲ್ಲವೆಂದು ಹಿಂಬರಹ ಕೊಡಿ ಎಂದು ಕೇಳಿ, ಅದು ಕೈಗೆ ಬರುವವರೆಗೆ ಕಚೇರಿ ಬಿಟ್ಟು ಕದಲಬೇಡಿ.