ಧ್ವನಿಯ ರೋಹಿತ ಮತ್ತು ಕಾಲದ ಪ್ರಶ್ನೆ

ಉಷ್ಣಪ್ರಸರಣವನ್ನು ಕುರಿತು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೆ 1822ರಲ್ಲಿ ಪ್ರಕಟಿಸಿದ ಗ್ರಂಥದ ವಿಧಾನವು ಇಂದು ಧ್ವನಿವಿಶ್ಲೇಷಣೆಗೂ ಆಧಾರವಾಗಿದೆ. ಸಂಕೀರ್ಣ ಧ್ವನಿಯನ್ನು ಅದು ಸರಳ ತರಂಗಗಳಾಗಿ ಬಿಡಿಸುತ್ತದೆ. ಸೆಕೆಂಡಿಗೆ ಎಷ್ಟು ಕಂಪನಗಳುಳ್ಳ ತರಂಗ ಎಷ್ಟು ಪ್ರಬಲವೆಂದು ತೋರಿಸುವ ನಕ್ಷೆಯೇ ಆವೃತ್ತಿ ರೋಹಿತ. ಒಂದೇ ಶ್ರುತಿಯಲ್ಲಿ ಉಚ್ಚರಿಸಿದ ‘ಆ’, ‘ಈ’ಗಳು ಬೇರೆಯಾಗಿ ಕೇಳಿಸುವುದು ಈ ಪ್ರಾಬಲ್ಯದ ಹಂಚಿಕೆಯಿಂದ.

ಆದರೆ ‘ಸರ’ ಎಂಬ ಪದದ ಧ್ವನಿಮುದ್ರಣವನ್ನು ಕೊನೆಯಿಂದ ಮೊದಲಿಗೆ ನುಡಿಸಿದರೆ ಹೆಚ್ಚುಕಡಿಮೆ ‘ಅರಸ್’ ಎಂದು ಕೇಳಿಸುತ್ತದೆ. ಎರಡರ ರೋಹಿತವೂ ಒಂದೇ! ಯಾವ ಆವೃತ್ತಿಗಳಿವೆ ಎಂದು ಹೇಳುವ ನಕ್ಷೆ ಅವು ಯಾವಾಗ ಬಂದವೆಂದು ತಿಳಿಸದು. ವರ್ಣಗಳ ಕ್ರಮದಿಂದಲೇ ಅರ್ಥ ಬದಲಾಗುವ ಭಾಷೆಯ ಅಧ್ಯಯನಕ್ಕೆ ಇದು ಸಣ್ಣ ಕೊರತೆಯಲ್ಲ. ಆದ್ದರಿಂದ ಧ್ವನಿಯನ್ನು ಕಿರುತುಣುಕುಗಳಾಗಿಸಿ ಒಂದೊಂದರ ರೋಹಿತವನ್ನೂ ತೆಗೆಯಲಾಗುತ್ತದೆ. ತುಣುಕಿನ ಅಳತೆಯನ್ನು ನಮೂದಿಸದ ಚಿತ್ರವನ್ನು ಆಧಾರವೆಂದು ಒಪ್ಪುವುದು ಕಷ್ಟ: 5 ಮಿಲಿಸೆಕೆಂಡಿನ ತುಣುಕಿನಲ್ಲಿ ಸುಮಾರು 200 ಹರ್ಟ್ಸ್‌ಗಿಂತ ಸಮೀಪದ ಆವೃತ್ತಿಗಳು ಬೆರೆತುಹೋಗುತ್ತವೆ, 50 ಮಿಲಿಸೆಕೆಂಡಿನದರಲ್ಲಿ ಅವು ಬೇರ್ಪಟ್ಟರೂ ‘ತ’ಕಾರದ ಕ್ಷಣಿಕ ಸ್ಫೋಟ ಮಸುಕಾಗುತ್ತದೆ.