ಈಜುಕೊಳಕ್ಕೂ ಉಂಟು ಉಪ್ಪಿನ ಋಣ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ ನೀರಿನ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಿಸಿನೀರಿನ ತೊಟ್ಟಿಯಲ್ಲಿ ಬೆಂದ ಗೂಡು ಸಲೀಸಾಗಿ ಎಳೆ ಬಿಡಬೇಕಾದರೆ, ನೂಲಿಗೆ ಹೊಳಪು ಬರಬೇಕಾದರೆ ನೀರು ಮೆದುವಾಗಿರಬೇಕು. ನೀರು ಗಡಸಾಯಿತೆಂದರೆ ನೂಲು ಒರಟು, ಹೊಳಪು ಮಂಕು, ಬೆಲೆಯೂ ಕಡಿಮೆ. ಹಾಗೆಯೇ ಹುಳು ಸಾಕುವ ಮನೆಯನ್ನು ತೊಳೆಯಲು ಬ್ಲೀಚಿಂಗ್ ಪೌಡರ್ ಕಲಸುವ ರೈತನಿಗೆ ಕ್ಲೋರಿನ್ನಿನ ಘಾಟು ಏನೆಂದು ಚೆನ್ನಾಗಿ ಗೊತ್ತು. ಗಡಸು ನೀರು, ಕ್ಲೋರಿನ್ ಎರಡೂ ಈ ಸೀಮೆಗೆ ಹೊಸ ಮಾತಲ್ಲ.

ಹೊಸತೆಂದರೆ ಈಜುಕೊಳ. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಬಂದ ಮೇಲೆ ನಂದಿಬೆಟ್ಟದ ಸುತ್ತ, ಚಿಕ್ಕಬಳ್ಳಾಪುರದ ಆಸುಪಾಸು ತೋಟದ ಮನೆಗಳೂ ವಾರಾಂತ್ಯದ ತಂಗುದಾಣಗಳೂ ಎದ್ದವು. ಅವುಗಳಲ್ಲಿ ಅನೇಕ ಕಡೆ ಅಂಗಳದಲ್ಲೊಂದು ನೀಲಿ ಕೊಳವೂ ಬಂತು. ಕೊಳದ ಹಿಂದೆಯೇ ದೂರುಗಳೂ ಬಂದವು. ಮಕ್ಕಳ ಕಣ್ಣು ಕೆಂಪಗಾಗುತ್ತದೆ, ಚರ್ಮ ಬಿರುಕು ಬಿಡುತ್ತದೆ, ಕೂದಲು ತೆಂಗಿನ ನಾರಿನಂತಾಗುತ್ತದೆ, ಮೈಗೆಲ್ಲ ಔಷಧದ ವಾಸನೆ. ಇದಕ್ಕೆ ಪರಿಹಾರವೆಂದು ಮಾರಾಟಗಾರರು ಹೇಳುವುದು ಖನಿಜ ಲವಣದ ವ್ಯವಸ್ಥೆ. ‘ಕ್ಲೋರಿನ್ ಬೇಡ, ಉಪ್ಪು ಸಾಕು’ ಎಂಬುದು ಅವರ ಮಾತು.

ಈ ಮಾತಿನಲ್ಲಿ ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿದುಕೊಳ್ಳದೆ ಉಪ್ಪಿನ ಮೂಟೆ ಬಿಚ್ಚಿದರೆ ಅದರ ಬೆಲೆಯನ್ನು ಕೊಳದ ಪಕ್ಕದ ಮಣ್ಣು ತೆರಬೇಕಾಗುತ್ತದೆ.

ಉಪ್ಪು ಮಾಡುವ ಕೆಲಸ

ಲವಣದ ಕೊಳವೆಂದರೆ ಕ್ಲೋರಿನ್ ಇಲ್ಲದ ಕೊಳವಲ್ಲ. ತನಗೆ ಬೇಕಾದ ಕ್ಲೋರಿನ್ನನ್ನು ತಾನೇ ತಯಾರಿಸಿಕೊಳ್ಳುವ ಕೊಳ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ 1970ರ ದಶಕದಿಂದ ಮನೆಬಳಕೆಗೆ ಬಂದ ಈ ವಿಧಾನದಲ್ಲಿ ಲೀಟರ್ ನೀರಿಗೆ ಸುಮಾರು 3ರಿಂದ 4 ಗ್ರಾಂ ಉಪ್ಪನ್ನು ಕರಗಿಸುತ್ತಾರೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂನಷ್ಟು ಲವಣವಿದೆ. ನಮ್ಮ ಕಣ್ಣೀರಿನಲ್ಲಿ 9 ಗ್ರಾಂ ಆಸುಪಾಸು. ಆದ್ದರಿಂದ ಕೊಳದ ನೀರು ನಾಲಗೆಗೆ ತುಸು ಉಪ್ಪೆನಿಸಿದರೂ ಕಣ್ಣಿಗೆ ಉರಿಯಲ್ಲ.

ಈ ನೀರು ಸೋಸುಕದಿಂದ ಹೊರಬಂದು ಟೈಟಾನಿಯಂ ಫಲಕಗಳಿರುವ ಪುಟ್ಟ ಪೆಟ್ಟಿಗೆಯೊಂದರ ಮೂಲಕ ಹಾಯುತ್ತದೆ. ಫಲಕಗಳಿಗೆ ವಿದ್ಯುತ್ ಹರಿದಾಗ ಉಪ್ಪಿನಲ್ಲಿರುವ ಕ್ಲೋರೈಡ್ ಕ್ಲೋರಿನ್ ಆಗಿ ನೀರಿನಲ್ಲಿ ಬೆರೆಯುತ್ತದೆ, ರೋಗಾಣುಗಳನ್ನೂ ಪಾಚಿಯನ್ನೂ ಕೊಲ್ಲುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಕ್ಲೋರೈಡ್ ಆಗಿ ಮೂಲ ಸ್ಥಿತಿಗೆ ಮರಳುತ್ತದೆ. ಹೀಗಾಗಿ ಉಪ್ಪು ಖರ್ಚಾಗಿ ಹೋಗುವುದಿಲ್ಲ. ನೀರು ಚೆಲ್ಲಿದಾಗ, ಸೋರಿದಾಗ, ಸೋಸುಕ ತೊಳೆದಾಗ ಮಾತ್ರ ಹೊರಹೋಗುತ್ತದೆ. ಮುಂದೆ ಬರುವ ತೊಡಕಿನ ಬೇರು ಇರುವುದು ಇಲ್ಲಿಯೇ.

ಹಾಗಾದರೆ ಮೃದು ಎನ್ನುವುದೇಕೆ? ಕಣ್ಣು ಕೆಂಪಾಗಲು, ಘಾಟು ಬರಲು ಮುಖ್ಯ ಕಾರಣ ಶುದ್ಧ ಕ್ಲೋರಿನ್ ಅಲ್ಲ. ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಸೇರಿದಾಗ ಹುಟ್ಟುವ ಕ್ಲೋರಮೈನ್ ಎಂಬ ವಸ್ತು. ಬ್ಲೀಚಿಂಗ್ ಪೌಡರನ್ನು ಒಂದು ದಿನ ಸೇರುಗಟ್ಟಲೆ ಸುರಿದು ನಾಲ್ಕು ದಿನ ಮರೆತುಬಿಡುವ ಕೊಳದಲ್ಲಿ ಇದು ಹೆಚ್ಚು. ಲವಣದ ಯಂತ್ರ ದಿನವೂ ಸ್ವಲ್ಪ ಸ್ವಲ್ಪ, ಒಂದೇ ಹದದಲ್ಲಿ ಕ್ಲೋರಿನ್ ಒದಗಿಸುವುದರಿಂದ ಏರುಪೇರು ಕಡಿಮೆ. ಕೊಳಕ್ಕಿಳಿಯುವ ಮೊದಲು ಎಲ್ಲರೂ ಮೈ ತೊಳೆದುಕೊಂಡರೆ ಅರ್ಧ ತೊಂದರೆ ಯಾವ ಯಂತ್ರವೂ ಇಲ್ಲದೆ ತೊಲಗುತ್ತದೆ ಎಂಬುದೂ ಅಷ್ಟೇ ನಿಜ.

‘ಖನಿಜ’ ಎಂಬ ಹೆಸರಿನ ವ್ಯವಸ್ಥೆಯಲ್ಲಿ ಅಡುಗೆಯ ಉಪ್ಪಿನ ಒಂದು ಪಾಲಿನ ಬದಲಿಗೆ ಮೆಗ್ನೀಷಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್‌ಗಳನ್ನು ಬಳಸುತ್ತಾರೆ. ನೀರು ಮೈಗೆ ನುಣುಪಾಗಿ ತಾಗುತ್ತದೆ ಎಂದು ಈಜುವವರು ಹೇಳುತ್ತಾರೆ. ಆದರೆ ಚರ್ಮದ ಮೂಲಕ ಮೆಗ್ನೀಷಿಯಂ ಮೈಸೇರಿ ಕೀಲುನೋವು ವಾಸಿಯಾಗುತ್ತದೆ ಎಂಬಂಥ ಪ್ರಚಾರಕ್ಕೆ ಗಟ್ಟಿ ಆಧಾರವಿಲ್ಲ.

ಸಾವಿರ ಅಡಿಯ ನೀರು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ನಂದಿಯ ಬೆಟ್ಟಸಾಲು ಪಿನಾಕಿನಿ, ಪಾಲಾರ್, ಅರ್ಕಾವತಿಗಳಿಗೆ ತವರು ನಿಜ. ಆದರೆ ತವರಿನಲ್ಲಿ ಉಳಿಯುವ ನೀರು ಅಲ್ಪ. ಗೌರಿಬಿದನೂರಿನ ಬದಿಯ ಉತ್ತರ ಪಿನಾಕಿನಿ ಒಳ್ಳೆಯ ಮಳೆಯಾದ ವರ್ಷ ಮಾತ್ರ ಹರಿಯುತ್ತದೆ. ತೆರೆದ ಬಾವಿಗಳು ಬತ್ತಿದವು. ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಹುಡುಗರು ಈಜು ಕಲಿಯುತ್ತಿದ್ದ ಬಾವಿಗಳಲ್ಲಿ ಈಗ ಪೊದೆ ಬೆಳೆದಿದೆ. ಕೊಳವೆಬಾವಿ ಸಾವಿರ ಅಡಿ ದಾಟಿದರೂ ಅಚ್ಚರಿಯಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸುವ ಹೆಬ್ಬಾಳ-ನಾಗವಾರ ಕಣಿವೆ ಯೋಜನೆ ಚಿಕ್ಕಬಳ್ಳಾಪುರದ ಕಡೆಗೂ, ಕೋರಮಂಗಲ-ಚಲ್ಲಘಟ್ಟ ಕಣಿವೆಯದು ಚಿಂತಾಮಣಿಯ ಕೆಲವು ಕೆರೆಗಳಿಗೂ ಬಂದದ್ದು ಇಂಥ ಬರದಿಂದಾಗಿಯೇ.

ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಸುಣ್ಣ, ಮೆಗ್ನೀಷಿಯಂಗಳನ್ನು ಹೊತ್ತು ಗಡಸಾಗಿ ಬರುತ್ತದೆ. ಹಲವೆಡೆ ಫ್ಲೋರೈಡ್ ಕೂಡ ಮಿತಿಮೀರಿದೆ. ಈಜುವವರಿಗೆ ಫ್ಲೋರೈಡ್ ದೊಡ್ಡ ಚಿಂತೆಯಲ್ಲ, ಏಕೆಂದರೆ ಕೊಳದ ನೀರನ್ನು ಯಾರೂ ಕುಡಿಯುವುದಿಲ್ಲ. ಆದರೆ ಗಡಸುತನ ಲವಣದ ಯಂತ್ರಕ್ಕೆ ಶತ್ರು. ಯಂತ್ರ ಓಡುವಾಗ ನೀರಿನ ಕ್ಷಾರಗುಣ ಏರುತ್ತದೆ. ಆಗ ಸುಣ್ಣವು, ಬಿಸಿನೀರಿನ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯಂತೆ, ಫಲಕಗಳಿಗೆ ಅಂಟಿಕೊಳ್ಳುತ್ತದೆ. ಪೊರೆ ಕಟ್ಟಿದ ಯಂತ್ರ ಕ್ಲೋರಿನ್ ಉತ್ಪಾದಿಸುವುದಿಲ್ಲ; ಕೊಳ ಹಸಿರಾಗುತ್ತದೆ. ಐದಾರು ವರ್ಷ ಬಾಳಬೇಕಾದ ಫಲಕ ಬಹು ಬೇಗ ಸವೆಯುತ್ತದೆ.

ಆವಿಯಾಗುವ ನೀರಿನದು ಇನ್ನೊಂದು ಕಥೆ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳದಲ್ಲಿ ಸುಮಾರು 45,000 ಲೀಟರ್ ನೀರು ಹಿಡಿಯುತ್ತದೆ. ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ 160 ಲೀಟರ್ ಹೋಯಿತು. ಹೋಗುವುದು ನೀರು ಮಾತ್ರ. ಸುಣ್ಣ, ಲವಣಗಳು ಕೊಳದಲ್ಲೇ ಉಳಿಯುತ್ತವೆ. ಆ ಜಾಗಕ್ಕೆ ಮತ್ತೆ ಗಡಸು ನೀರನ್ನೇ ಬಿಟ್ಟರೆ ಗಡಸುತನ ತಿಂಗಳು ತಿಂಗಳೂ ಬೆಳೆಯುತ್ತದೆ.

ಇದಕ್ಕೆ ಮದ್ದು ಮಾಳಿಗೆಯ ಮೇಲೆಯೇ ಇದೆ. ಈ ಭಾಗದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. 100 ಚದರ ಮೀಟರಿನ ಛಾವಣಿಯ ಮೇಲೆ ಬೀಳುವ ಮಳೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಹಿಡಿದಿಟ್ಟರೂ 56,000 ಲೀಟರ್ ಮೆದು ನೀರು ಸಿಗುತ್ತದೆ. ಕೊಳವನ್ನು ಒಮ್ಮೆ ತುಂಬಿಸಿ ಮಿಗುವಷ್ಟು. ಬಳಸದಾಗ ಕೊಳಕ್ಕೆ ಹೊದಿಕೆ ಹಾಸಿದರೆ ಆವಿಯಾಗುವುದೂ ಬಹಳಷ್ಟು ತಗ್ಗುತ್ತದೆ.

ಬದಲಾಯಿಸುವ ಬಗೆ

ಮೊದಲ ಕೆಲಸ ನೀರಿನ ಪರೀಕ್ಷೆ. ಗಡಸುತನ, ಒಟ್ಟು ಲವಣ, ಕಬ್ಬಿಣ, ಪಿಎಚ್ ಇವಿಷ್ಟನ್ನು ಪ್ರಯೋಗಾಲಯದಲ್ಲಿ ತಿಳಿದುಕೊಳ್ಳಬೇಕು. ಕೊಳದಲ್ಲಿ ಗಡಸುತನ ಲೀಟರಿಗೆ 200ರಿಂದ 400 ಮಿಲಿಗ್ರಾಂ ಒಳಗೆ, ಪಿಎಚ್ 7.2ರಿಂದ 7.8ರ ಒಳಗೆ ಇರಬೇಕು. ಪಿಎಚ್ 8 ಮುಟ್ಟಿದರೆ ಕ್ಲೋರಿನ್ನಿನ ಕಾಲುಭಾಗ ಮಾತ್ರ ಚುರುಕಾಗಿರುತ್ತದೆ.

ಇರುವ ನೀರನ್ನು ಖಾಲಿ ಮಾಡುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ನೀರು ಹದದಲ್ಲಿದ್ದರೆ ಅದಕ್ಕೇ ಉಪ್ಪು ಹಾಕಬಹುದು. 45,000 ಲೀಟರಿಗೆ ಲೀಟರಿಗೆ 3.5 ಗ್ರಾಂನಂತೆ 157 ಕಿಲೋ, ಅಂದರೆ 50 ಕಿಲೋದ ಮೂರು ಮೂಟೆ ಮತ್ತು ಸ್ವಲ್ಪ. ಉಪ್ಪು ಶುದ್ಧವಾಗಿರಬೇಕು, ಅಯೋಡಿನ್ ಸೇರಿದ ಅಡುಗೆಯ ಪುಡಿ ಉಪ್ಪು ಬೇಡ. ಉಪ್ಪು ಹರಡಿ, ಯಂತ್ರವನ್ನು ಬಂದ್ ಇಟ್ಟು, ಪಂಪನ್ನು ಒಂದು ಇಡೀ ದಿನ ಓಡಿಸಿ, ಪೂರ್ತಿ ಕರಗಿದ ಮೇಲಷ್ಟೇ ಯಂತ್ರ ಚಾಲೂ ಮಾಡಬೇಕು. ಯಂತ್ರದ ಜಾಗ ಸೋಸುಕದ ನಂತರ, ನೀರು ಕೊಳಕ್ಕೆ ಮರಳುವ ಕೊಳವೆಯಲ್ಲಿ.

ಕೊಳದ ಅಂಚಿನ ಕಲ್ಲನ್ನೂ ನೋಡಬೇಕು. ಸಾದಹಳ್ಳಿಯ ಕಲ್ಲು ಉಪ್ಪಿಗೆ ಜಗ್ಗುವುದಿಲ್ಲ. ಕಡಪ, ಶಹಾಬಾದ್ ಕಲ್ಲುಗಳು ಸುಣ್ಣದ ಜಾತಿಯವು. ಉಪ್ಪುನೀರು ಚಿಮ್ಮಿ ಒಣಗುತ್ತಿದ್ದರೆ ಪದರ ಏಳಬಹುದು. ಮೆಟ್ಟಿಲಿನ ಕಂಬಿ, ಮೊಳೆಗಳು ತುಕ್ಕು ಹಿಡಿಯುತ್ತವೆ.

ಕರೆಂಟು ಹೋದರೆ ಕ್ಲೋರಿನ್ನೂ ಇಲ್ಲ. ಹಳ್ಳಿಯ ಬದಿಯ ತೋಟದ ಮನೆಗಳಲ್ಲಿ ಇದನ್ನು ಮರೆಯುವಂತಿಲ್ಲ. ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಇದೆಯೇ ಎಂದು ಪರೀಕ್ಷಾ ಪಟ್ಟಿಯಿಂದ ನೋಡದೆ ಮಕ್ಕಳನ್ನು ನೀರಿಗೆ ಬಿಡಬಾರದು. ಪಿಎಚ್ ಇಳಿಸುವ ಆಮ್ಲವನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಕಪಾಟಿನಲ್ಲಿ ಇಡಲೇಬಾರದು. ಎರಡೂ ಬೆರೆತರೆ ಏಳುವ ವಿಷಾನಿಲ ಪ್ರಾಣಕ್ಕೇ ಎರವಾದೀತು. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಹಾಕಬಾರದು.

ತೊಳೆದ ನೀರು ಎಲ್ಲಿಗೆ?

ಇಲ್ಲಿಯವರೆಗಿನದು ಕೊಳದ ಒಳಗಿನ ಮಾತು. ಯಂತ್ರ ಮಾರುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಮುಖ್ಯ ಪ್ರಶ್ನೆ ಇರುವುದು ಹೊರಗೆ.

ಮರಳಿನ ಸೋಸುಕವನ್ನು ಆಗಾಗ ಹಿಮ್ಮುಖವಾಗಿ ನೀರು ಹರಿಸಿ ತೊಳೆಯಬೇಕು. ವಾರಕ್ಕೆ 500 ಲೀಟರ್ ಎಂದು ಲೆಕ್ಕ ಹಿಡಿದರೆ ವರ್ಷಕ್ಕೆ 26,000 ಲೀಟರ್. ಅದರೊಂದಿಗೆ ಹೊರಬೀಳುವ ಉಪ್ಪು ಸುಮಾರು 91 ಕಿಲೋ! ಜೋರು ಮಳೆಗೆ ಕೊಳ ಉಕ್ಕಿದರೆ ಇನ್ನಷ್ಟು. ನಗರದಲ್ಲಿ ಅದು ಒಳಚರಂಡಿಗೆ ಹೋದೀತು. ತೋಟದ ಮನೆಯಲ್ಲಿ ಒಳಚರಂಡಿ ಎಲ್ಲಿದೆ? ಪೈಪಿನ ಬಾಯಿ ತೆರೆಯುವುದು ಬೇಲಿಯ ಬುಡದಲ್ಲಿ. ಬೇಲಿಯಾಚೆ ಚಿಕ್ಕಬಳ್ಳಾಪುರದಲ್ಲಾದರೆ ದ್ರಾಕ್ಷಿ ಚಪ್ಪರ, ಶಿಡ್ಲಘಟ್ಟದಲ್ಲಾದರೆ ಹಿಪ್ಪುನೇರಳೆ, ಚಿಂತಾಮಣಿಯಲ್ಲಾದರೆ ಟೊಮೆಟೊ.

ಲೀಟರಿಗೆ 2 ಗ್ರಾಂಗಿಂತ ಹೆಚ್ಚು ಲವಣವಿರುವ ನೀರು ಬೇಸಾಯಕ್ಕೆ ತೀವ್ರ ನಿರ್ಬಂಧಕ್ಕೆ ಒಳಪಟ್ಟದ್ದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತದೆ. ಕೊಳದ ನೀರು ಅದರ ಒಂದೂಮುಕ್ಕಾಲು ಪಟ್ಟು. ಸೋಡಿಯಂ ಮಣ್ಣಿನ ಹೆಂಟೆಯನ್ನು ಒಡೆದು ನೀರಿಳಿಯದಂತೆ ಬಿಗಿಯುತ್ತದೆ. ಕ್ಲೋರೈಡ್ ಎಲೆಯ ಅಂಚನ್ನು ಸುಡುತ್ತದೆ. ದ್ರಾಕ್ಷಿ ಇದನ್ನು ತಾಳುವ ಬೆಳೆಯಲ್ಲ. ಎಲೆ ಸುಟ್ಟ ಸೊಪ್ಪಿನಿಂದ ಒಳ್ಳೆಯ ಗೂಡನ್ನು ನಿರೀಕ್ಷಿಸುವುದೂ ಕಷ್ಟ. ಸೋಡಿಯಂ ಬದಲು ಮೆಗ್ನೀಷಿಯಂ ಹೆಚ್ಚಿರುವ ಖನಿಜ ಮಿಶ್ರಣ ಮಣ್ಣಿನ ಮಟ್ಟಿಗೆ ತುಸು ವಾಸಿ. ಆದರೆ ಕ್ಲೋರೈಡ್ ಅದರಲ್ಲೂ ಇದ್ದೇ ಇದೆ. ತೆಂಗಿನ ಬುಡಕ್ಕೆ ಒಂದೆರಡು ಕಿಲೋ ಉಪ್ಪು ಹಾಕುವುದು ಹಳೆಯ ರೂಢಿ ನಿಜ. ಅದೇ ಬುಡಕ್ಕೆ ವರ್ಷಕ್ಕೆ ಎರಡು ಮೂಟೆಯೆಂದರೆ ತೆಂಗೂ ಸೋಲುತ್ತದೆ. ಇಂಗಿದ ಉಪ್ಪು ಕೊನೆಗೆ ಸೇರುವುದು ಅದೇ ಬಂಡೆಯ ಬಿರುಕಿಗೆ, ಅದೇ ಕೊಳವೆಬಾವಿಗೆ.

ದಾರಿಗಳಿಲ್ಲದೆ ಇಲ್ಲ. ಮರಳಿನ ಬದಲು ಕಾರ್ಟ್ರಿಜ್ ಸೋಸುಕ ಹಾಕಿದರೆ ತೊಳೆಯುವ ನೀರು ಬಹುಪಾಲು ಉಳಿಯುತ್ತದೆ. ಹೊರಬರುವ ಅಷ್ಟಿಷ್ಟು ನೀರಿಗೆ ಪ್ಲಾಸ್ಟಿಕ್ ಹಾಸಿದ ಆಳವಿಲ್ಲದ ಹೊಂಡ ಮಾಡಿ, ಬಿಸಿಲಿಗೆ ಆರಿಸಿ, ಉಳಿದ ಉಪ್ಪನ್ನು ಗುಡಿಸಿ ತೆಗೆಯಬಹುದು. ಮಳೆ ಬೀಳದಂತೆ ಮೇಲೊಂದು ಚಪ್ಪರ ಬೇಕು. ಹೊಂಡದ ಸುತ್ತ, ಕೊಳದ ಸುತ್ತ ಬೇಲಿಯೂ ಇರಬೇಕು. ಬೇಲಿಯಿಲ್ಲದ ಕೃಷಿಹೊಂಡಗಳಲ್ಲಿ ಜಾರಿ ಮುಳುಗಿದ ಮಕ್ಕಳ ಸುದ್ದಿಯನ್ನು ಈ ನಾಡು ಸಾಕಷ್ಟು ಓದಿದೆ. ಮಣ್ಣಿನ ವಿಷಯದಲ್ಲಿ ಅನುಮಾನವಿದ್ದರೆ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿಕೊಳ್ಳುವುದು ಮೇಲು.

ಹೊಂಡಕ್ಕೆ ಜಾಗವಿಲ್ಲ, ಛಾವಣಿಯ ನೀರು ಹಿಡಿಯುವ ಏರ್ಪಾಡಿಲ್ಲ, ಪಕ್ಕದಲ್ಲೇ ಇನ್ನೊಬ್ಬರ ತೋಟ ಎಂದಾದರೆ? ಉಪ್ಪಿನ ಆಸೆ ಬಿಟ್ಟು ಇರುವ ಕ್ಲೋರಿನ್ನನ್ನೇ ದಿನವೂ ಅಳತೆ ಮಾಡಿ ಹಾಕುವುದು ಜಾಣತನ. ಮೃದು ನೀರಿನ ಸುಖದ ಬಹುಪಾಲು ಆ ಶಿಸ್ತಿನಿಂದಲೇ ದೊರೆಯುತ್ತದೆ.

2024ರ ಮಾರ್ಚ್‌ನಲ್ಲಿ ನೀರಿನ ಬವಣೆ ಮುಗಿಲು ಮುಟ್ಟಿದಾಗ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ನೀರನ್ನು ಅತಿ ಆಳದಿಂದ ಎತ್ತುವ ಜಿಲ್ಲೆಯಲ್ಲಿ ಕೊಳವೆಂಬುದು ಆಗಲೂ ಈಗಲೂ ಒಬ್ಬರ ಮನೆಯ ಅಂಗಳದ ವಿಷಯವಷ್ಟೇ ಆಗಿ ಉಳಿಯಲಾರದು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ಗಾದೆ. ಕೊಳಕ್ಕೆ ಉಪ್ಪು ಹಾಕಿದವರ ಪಾಡು ಬೇರೆ. ಅವರು ಹೊರಬಿಟ್ಟ ಉಪ್ಪುನೀರನ್ನು ಕುಡಿಯುವುದು ಬೇಲಿಯಾಚೆಯ ಬೆಳೆ. ಮೂಟೆ ಬಿಚ್ಚುವ ಮೊದಲು ಆ ಪೈಪಿನ ಬಾಯಿ ಎಲ್ಲಿ ತೆರೆಯುತ್ತದೆ ಎಂದು ಒಮ್ಮೆ ನಡೆದು ನೋಡಿ ಬಂದರೆ, ಮಕ್ಕಳ ಕಣ್ಣಿಗೂ ತಂಪು, ನೆರೆಯವನ ತೋಟಕ್ಕೂ ತಂಪು.